ಹತ್ತು ತಾ.

ಸಂಗಮೇಶನ ಮೇಲೆ ಸಿಟ್ಟಾಗಲು ಶರ್ವಾಣಿಗೆ ಒಂದು ಕಾರಣ ಬೇಕಿತ್ತು. ಇಲ್ಲದಿದ್ದರೆ ಅವನ ಕಡೆ ಪದೇ ಪದೇ ನೋಡುವುದಕ್ಕೆ ನೆಪ ಎಲ್ಲಿಂದ ತರುವುದು? ಸದ್ಯ, ಅವನ ಅಕ್ಷರ ಕೆಟ್ಟದಾಗಿತ್ತು.

ಜೆ.ಪಿ. ನಗರದ ರಾಮಪ್ರಸಾದರ ವರ್ಕ್‌ಶಾಪಿಗೆ ಕರಾವಳಿಯಿಂದ ರೇಸ್ ಬೋಟುಗಳ ಎಂಜಿನ್‌ಗಳು ಲಾರಿಯಲ್ಲಿ ಬರುತ್ತಿದ್ದವು. ಸಮುದ್ರವೇ ಇಲ್ಲದ ಊರಿನಲ್ಲಿ ಇದೆಂಥ ಕೆಲಸವೆಂದು ಜಯನಗರದಲ್ಲಿ ಅವಳ ಅಪ್ಪ ನಗುತ್ತಿದ್ದರು. ಯಾವ ಎಂಜಿನ್‌ಗೆ ಯಾವಾಗ ಯಾವ ಸರ್ವಿಸ್ ಎಂದು ಮೆಕ್ಯಾನಿಕ್ ಚೀಟಿ ಬರೆದರೆ, ಅದನ್ನು ಟೈಪ್ ಮಾಡಿ ಬೋಟಿನವರಿಗೆ ಫ್ಯಾಕ್ಸ್ ಕಳಿಸುವುದು ಅವಳ ಕೆಲಸ. ಸೇರಿ ಇನ್ನೂ ಮೂರು ವಾರ.

ಬಾಗಲಕೋಟೆಯಿಂದ ಬಂದು ಬಿಟಿಎಂನಲ್ಲಿ ರೂಮು ಮಾಡಿದ್ದ ಸಂಗಮೇಶ ಒಬ್ಬನೇ ಬಿಚ್ಚಿ ಜೋಡಿಸಿದ ಮೊದಲ ಎಂಜಿನ್ ಕಳೆದ ಶನಿವಾರ ಮಂಗಳೂರಿಗೆ ಹೋಗಿತ್ತು. ಅದು ಸಂಕ್ರಾಂತಿ ರೇಸಿನಲ್ಲಿ ಚೆನ್ನಾಗಿ ಓಡಿದರೆ ಮುಂದಿನವೆಲ್ಲ ಅವನದೇ. ಕೈಕೊಟ್ಟರೆ ಮತ್ತೆ ನಟ್ಟು ಬೋಲ್ಟು ತೊಳೆಯುವ ಕೆಲಸವೇ ಗತಿ ಎಂದು ರಾಮಪ್ರಸಾದರು ಮೊದಲೇ ಹೇಳಿದ್ದರು. ಅವನ ಚೀಟಿಯಲ್ಲಿ ಅವಳಿಗೆ ಕಂಡದ್ದು ಎರಡೇ ಸಾಲು: '೧೦ ತಾ. ಎಣ್ಣೆ ಬದಲು. ೨೫ ತಾ. ವಾಲ್ವ್ ನೋಡುವುದು.' ಜನವರಿ ಹತ್ತು, ಜನವರಿ ಇಪ್ಪತ್ತೈದು ಎಂದು ಅವಳು ನೀಟಾಗಿ ಟೈಪ್ ಮಾಡಿ ಫ್ಯಾಕ್ಸ್ ಕಳಿಸಿದ್ದಳು.

ಬುಧವಾರ ಬೆಳಿಗ್ಗೆ ಚೀಟಿಯನ್ನು ಫೈಲಿಗೆ ಹಾಕುವಾಗ ಅದರ ಹಿಂಬದಿ ಕಣ್ಣಿಗೆ ಬಿತ್ತು. '೨೦೦ ತಾ. ಪೂರ್ತಿ ಬಿಚ್ಚಿ ಜೋಡಿಸುವುದು.'

ಇನ್ನೂರನೇ ತಾರೀಖು ಯಾವ ತಿಂಗಳಲ್ಲಿದೆ? ಶರ್ವಾಣಿ ಚೀಟಿ ಹಿಡಿದು ಷೆಡ್ಡಿಗೆ ಓಡಿದಳು.

"ತಾರೀಖ ಅಲ್ರಿ ಮೇಡಂ, ತಾಸು" ಎಂದ ಸಂಗಮೇಶ. ಅವನ ಮುಖ ಬಿಳಿಚಿಕೊಂಡಿತು. ಅವನ ಊರಿನಲ್ಲಿ ಗಂಟೆಗೆ ತಾಸು ಎನ್ನುತ್ತಾರೆ. ಬೋಟಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಎಂಜಿನ್ ಎಷ್ಟು ಗಂಟೆ ಓಡಿತೆಂಬುದೇ ಲೆಕ್ಕ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ಮೊದಲ ಹತ್ತು ಗಂಟೆ ಬೇಕು, ಆಗ ಉದುರುವ ಲೋಹದ ಪುಡಿಯೆಲ್ಲ ಎಣ್ಣೆಯಲ್ಲೇ ಇರುತ್ತದೆ, ಅದರಲ್ಲೇ ಓಡಿಸಿದರೆ ಎಂಜಿನ್ ಹಾಳು ಎಂದು ಅವನು ಹೇಳುತ್ತಿರುವಾಗಲೇ ಅವಳು ಮಂಗಳೂರಿಗೆ ಫೋನ್ ತಿರುಗಿಸುತ್ತಿದ್ದಳು.

ಬೋಟು ನೀರಿನಲ್ಲಿತ್ತು. ಕೈಬೀಸಿ ಕರೆಸುತ್ತೇವೆ, ಲೈನಿನಲ್ಲೇ ಇರಿ ಎಂದರು. ಒಂದೇ ರಿಸೀವರಿಗೆ ಇಬ್ಬರೂ ಕಿವಿ ಕೊಟ್ಟು ನಿಂತರು. ಅವನ ಅಂಗಿಯ ಗ್ರೀಸ್ ಅವಳ ದುಪಟ್ಟಾಕ್ಕೆ ಅಂಟಿತು, ಅವಳು ಸರಿಯಲಿಲ್ಲ. ಆಚೆಯಿಂದ ಮೀಟರ್ ಓದಿದರು: ಒಂಬತ್ತು ಮುಕ್ಕಾಲು.

ಸಂಗಮೇಶ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕ. ಆ ನಗುವಿಗಾಗಿ ತಾನು ಮೂರು ವಾರದಿಂದ ಕಾಯುತ್ತಿದ್ದೆನೆಂದು ಶರ್ವಾಣಿಗೆ ಆಗ ಗೊತ್ತಾಯಿತು.

ರಾಮಪ್ರಸಾದರು ಬಂದು ಯಾರ ತಪ್ಪೆಂದು ಕೇಳಿದಾಗ, ತನ್ನ ಅಕ್ಷರದ್ದು ಎಂದ ಅವನು. ಅಲ್ಲ, ಕೇಳದೆ ಟೈಪ್ ಮಾಡಿದ ತನ್ನದು ಎಂದಳು ಅವಳು. ಇಬ್ಬರನ್ನೂ ಒಮ್ಮೆ ನೋಡಿ, ಏನೋ ಅರ್ಥವಾದವರಂತೆ ಅವರು ಕಾಫಿಗೆ ಹೊರಟುಹೋದರು.

ಸಂಜೆ ಅವಳು ಅವನ ಟೂಲ್‌ಬಾಕ್ಸಿನ ಮೇಲೆ ಒಂದು ಚೀಟಿ ಇಟ್ಟಳು: 'ಭಾನುವಾರ, ಲಾಲ್‌ಬಾಗ್, ೧೦ ತಾ.'

ಅವನು ಓದಿ ತಲೆ ಕೆರೆದುಕೊಂಡ. "ಹತ್ತನೇ ತಾರೀಖ ಶನಿವಾರ ಐತಲ್ರಿ?"

"ತಾರೀಖಲ್ಲ, ತಾಸು."

"ಒಂದ ದಿನದಾಗ ಹತ್ತ ತಾಸ?"

"ಹೊಂದ್ಕೊಳ್ಳೋಕೆ ಅಷ್ಟು ಬೇಕು ಅಂದೋರು ನೀವೇ ಅಲ್ವಾ?" ತನ್ನ ಧೈರ್ಯ ಕಂಡು ಅವಳಿಗೇ ದಿಗಿಲಾಯಿತು.

ಅವನು ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದ. ಖಾಲಿಯಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಮೊದಲ ಸಲ ಮೇಡಂ ಎನ್ನುವುದನ್ನು ಬಿಟ್ಟ.

"ಹಿಂದ ಏನೂ ಬರೀಬ್ಯಾಡ್ರಿ, ಶರ್ವಾಣಿ. ಇದನ್ನ ಇನ್ನೂರಕ್ಕ ಬಿಚ್ಚೂದಿಲ್ಲ."