ಸೂರು ಹಾಕಿದವನ ಹೆಸರು

ಹೊಸ ಚರ್ಚಿನ ಬಾಗಿಲ ಮೇಲಿನ ಕಲ್ಲಿನಲ್ಲಿ ಭಾವನ ಹೆಸರು ಕೆತ್ತಿದ ದಿನವೇ ಅವನು ಭಾವನನ್ನು ಕೊಲ್ಲಬೇಕೆಂದು ತೀರ್ಮಾನಿಸಿದ. ಅದು ಸಿಟ್ಟಿನಲ್ಲಿ ಆದ ತೀರ್ಮಾನವಲ್ಲ. ಅವನು ಗಾರೆಯವನ ಮಗ, ಗಾರೆಯವನ ಮೊಮ್ಮಗ. ಸಿಟ್ಟಿನ ಕೈಯಲ್ಲಿ ಗೋಡೆ ಸೊಟ್ಟಗೆ ಏಳುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ.

ಊರಿನವರ ಮಾತಿನಲ್ಲಿ ಆ ಚರ್ಚಿಗೆ ಮೂರು ಜನ್ಮ. ಮೊದಲನೆಯದು ಹುಲ್ಲಿನ ಮಾಡು, ಮಣ್ಣಿನ ಗೋಡೆ, ಮರದ ಕೊಂಬೆಗೆ ಕಟ್ಟಿದ ಗಂಟೆ. ಎರಡನೆಯದು ಅವನ ಮುತ್ತಜ್ಜ ಕಟ್ಟಿದ ಕಲ್ಲಿನ ಚರ್ಚು; ಎಷ್ಟು ಗಿಡ್ಡವೆಂದರೆ ಎತ್ತರದವರು ಹೊಸ್ತಿಲಲ್ಲೇ ವಿನಯ ಕಲಿಯುತ್ತಿದ್ದರು. ಜನ ಹೆಚ್ಚಾಗಿ ಅಂಗಳದಲ್ಲಿ ನಿಂತು ಪ್ರಾರ್ಥನೆ ಮಾಡುವಂತಾದಾಗ ಅವನ ಅಪ್ಪನಿಗೆ ಒಂದು ಯೋಚನೆ ಹೊಳೆಯಿತು. ಹಳೆಯದನ್ನು ಕೆಡವುವುದು ಬೇಡ. ಅದರ ಸುತ್ತಲೇ ದೊಡ್ಡ ಚರ್ಚು ಎಬ್ಬಿಸೋಣ, ಬಸುರಿಯ ಹೊಟ್ಟೆಯಲ್ಲಿ ಕೂಸಿರುವ ಹಾಗೆ. ಹೊರಗಿನದಕ್ಕೆ ಸೂರು ಬಿದ್ದ ಮೇಲೆ ಒಳಗಿನದನ್ನು ಬಿಚ್ಚಿ, ಕಲ್ಲು ಕಲ್ಲಾಗಿ ಹೊಸ ಬಾಗಿಲಿನಿಂದ ಹೊರಗೆ ಸಾಗಿಸೋಣ. ಒಂದು ವಾರವೂ ಪ್ರಾರ್ಥನೆ ನಿಲ್ಲಬಾರದು.

ಗೋಡೆಗಳು ಕಿಟಕಿಯ ಕಮಾನಿನವರೆಗೆ ಎದ್ದಾಗ ಅಪ್ಪ ಸತ್ತ. ಕಲ್ಲಿನ ಧೂಳು ಎದೆ ತುಂಬಿತ್ತು. ಸ್ಮಶಾನದ ಮೂಲೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದು ಮರದ ಶಿಲುಬೆ, ಅದನ್ನೂ ಗೆದ್ದಲು ತಿಂದಿತು. ಮಿಕ್ಕ ಕೆಲಸ ಅಕ್ಕನ ಗಂಡನ ಕೈಗೆ ಹೋಯಿತು.

ಹೆಸರಿನ ಕಲ್ಲು ಬಾಗಿಲ ಮೇಲೆ ಏರಿಸಿದ ದಿನ ಅವನು ಸಾರುವೆಯ ಕೆಳಗೆ ನಿಂತು ಕೇಳಿದ್ದ.

"ಭಾವ, ಅಪ್ಪನ ಹೆಸರು?"

"ನಿಮ್ಮಪ್ಪ ಗೋಡೆ ಕಟ್ಟಿದ. ಸೂರು ಹಾಕಿದ್ದು ಯಾರೋ, ಭಾಮೈದ?" ಭಾವ ಮೇಲಿನಿಂದ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಸೂರಿಲ್ಲದ ಗೋಡೆಗೆ ಏನಂತಾರೆ ಹೇಳ್ರೋ?"

"ದೊಡ್ಡಿ!" ಎಂದು ಆಳುಗಳು ನಕ್ಕರು.

"ಕೇಳಿದ್ಯಾ? ಹೋಗು, ಗಾರೆ ಒಣಗ್ತಾ ಇದೆ. ಮೂತಿ ಒಣಗಿದ್ರೆ ನಡೆಯುತ್ತೆ."

ಅವನೂ ನಕ್ಕ. ನಕ್ಕಿದ್ದನ್ನು ಎಲ್ಲರೂ ನೋಡಿದರು. ಯೋಜನೆಯ ಮೊದಲ ಕಲ್ಲು ಅದೇ.

ಎರಡನೆಯದನ್ನು ಚಹಾದ ಅಂಗಡಿಯಲ್ಲಿ ಇಟ್ಟ. ಭಾವ ಆಗಾಗ ಒಬ್ಬನೇ ಪೇಟೆಗೆ ಹೋಗಿ ಸಂಜೆಗೆ ಬರುತ್ತಿದ್ದ. ಎಲ್ಲಿಗೆ ಎಂದು ಯಾರಿಗೂ ಹೇಳುತ್ತಿರಲಿಲ್ಲ.

"ಭಾವ ಪೇಟೆಗೆ ಹೋಗೋದು ನೆಲದ ಚಪ್ಪಡಿ ನೋಡೋಕೇನೇ," ಎಂದ, ಲೋಟ ಕೆಳಗಿಡುತ್ತ. "ಬೇರೆ ಯಾವುದಕ್ಕೂ ಅಲ್ಲ."

"ನಾನೇನು ಕೇಳಿದ್ನಾ?" ಅಂಗಡಿಯವನು ಹುಬ್ಬೇರಿಸಿದ.

"ಇಲ್ಲಪ್ಪ, ಸುಮ್ನೆ ಹೇಳಿದೆ."

ಅಷ್ಟು ಸಾಕಾಯಿತು. ಭಾನುವಾರ ಬರುವಷ್ಟರಲ್ಲಿ ಭಾವನಿಗೆ ಪೇಟೆಯಲ್ಲಿ ಇನ್ನೊಂದು ಮನೆ, ಆ ಮನೆಗೊಬ್ಬಳು ಒಡತಿ, ಅವಳಿಗೆ ಉದ್ದನೆಯ ಜಡೆ, ಎಲ್ಲವೂ ಆಗಿಹೋಗಿದ್ದವು. ಸುಳ್ಳಿಗೆ ಬೀಜ ಹಾಕಿದರೆ ಸಾಕು, ನೀರು ಊರೇ ಹಾಕುತ್ತದೆ.

ಹೆಣಕ್ಕೆ ಜಾಗ ಹುಡುಕುವ ಕಷ್ಟವೂ ಅವನಿಗೆ ಬರಲಿಲ್ಲ. ಒಳಗಿನ ಹಳೆಯ ಚರ್ಚನ್ನು ಬಿಚ್ಚಿ ಸಾಗಿಸಿದ ಮೇಲೆ ಹೊಸ ಚರ್ಚಿನ ಮಧ್ಯೆ ಬರಿಯ ಮಣ್ಣು ಉಳಿದಿತ್ತು. ಬಲಿಪೀಠದ ಎದುರು ಒಂದು ಗುಂಡಿ ಕಾಣಿಸಿತು. ಭಾರ ಬೀಳುವ ಕಡೆ ಮಣ್ಣಿನ ಗಟ್ಟಿ ನೋಡಲು ಗುಂಡಿ ತೋಡಿ, ನೋಡಿಯಾದ ಮೇಲೆ ಮುಚ್ಚುವುದು ಕಸುಬಿನ ರೂಢಿ. ಸಾಮಾನ್ಯವಾಗಿ ಅಂಥದು ಒಬ್ಬ ಇಳಿದು ನಿಲ್ಲುವಷ್ಟಿದ್ದರೆ ಮುಗಿಯಿತು. ಇದು ಉದ್ದಕ್ಕಿತ್ತು, ಮೂಲೆಗಳನ್ನು ಮಟ್ಟಗೋಲು ಹಿಡಿದು ತೀಡಿದಂತಿತ್ತು. ಭಾವ ಎಲ್ಲದರಲ್ಲೂ ಅತಿ ಎಂದುಕೊಂಡ ಅವನು. ಮುಚ್ಚುವ ಗುಂಡಿಗೂ ಇಷ್ಟು ಶೋಕಿ!

ಯಾವ ಪೊಲೀಸಿನವನು ಬಲಿಪೀಠದ ಮುಂದೆ ಅಗೆದಾನು? ಹೊಲದಲ್ಲಿ ಹೂತರೆ ನೇಗಿಲು ತೆಗೆಯುತ್ತದೆ, ಬಾವಿಗೆ ಹಾಕಿದರೆ ನೀರು ತೇಲಿಸುತ್ತದೆ. ಇಲ್ಲಿ ತಲೆಮಾರುಗಟ್ಟಲೆ ಜನ ಮೇಲೆ ಮೊಣಕಾಲೂರಿ ನೆಲವನ್ನು ಇನ್ನಷ್ಟು ಗಟ್ಟಿ ಮಾಡುತ್ತಾರೆ. ಈ ಯೋಚನೆ ಬಂದಾಗ ಅವನಿಗೆ ಅಪ್ಪನ ನೆನಪಾಯಿತು. ಅಪ್ಪನಿಗೂ ಆ ದೊಡ್ಡ ಯೋಚನೆ ಹೀಗೇ ಸುಲಭವಾಗಿ ಹೊಳೆದಿರಬೇಕು.

ಭಾನುವಾರ ಮಧ್ಯಾಹ್ನ ಊರು ಉಂಡು ಮಲಗಿತ್ತು.

"ಭಾವ, ಪೀಠದ ಬುಡದಲ್ಲಿ ಬಿರುಕು ಬಿಟ್ಟಿದೆ."

"ನೀನು ಕಟ್ಟಿದ್ದಲ್ವಾ, ಬಿಟ್ಟಿರುತ್ತೆ," ಎಂದ ಭಾವ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೇಲೆ ಅಂಗೈ ಆಡಿಸಿದ. "ಎಲ್ಲೋ? ಇದು ಗುಂಡುಕಲ್ಲಿನ ಹಾಗಿದೆಯಲ್ಲೋ."

ಸುತ್ತಿಗೆ ಒಂದೇ ಸಲ ಎದ್ದು ಇಳಿಯಿತು. ಭಾವ ತಾನಾಗಿಯೇ ಒಳಗೆ ಉರುಳಿದ. ಅವನು ಇಳಿದು ಭಾವನ ಕೈಕಾಲು ನೇರ ಮಾಡಿದ. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಗುಂಡಿ ಕೂಡಿಕೊಂಡಿತು. ಮೇಲೆ ಜಲ್ಲಿ, ಮಣ್ಣು, ದಮ್ಮಸ್ಸು. ಆಮೇಲೆ ಭಾವನ ಟೋಪಿ ಹಾಕಿಕೊಂಡು, ತಲೆ ತಗ್ಗಿಸಿ, ಭಾವನ ಸೈಕಲ್ಲನ್ನು ಬಸ್ಸು ನಿಲ್ಲುವ ಕಡೆಗೆ ತುಳಿದು, ಗೋಡೆಗೆ ಒರಗಿಸಿ, ಟೋಪಿಯನ್ನು ಅಂಗಿಯೊಳಗೆ ತುರುಕಿ ಹೊಲದ ದಾರಿಯಲ್ಲಿ ಮರಳಿದ. ಮರುದಿನ ಬೆಳಗ್ಗೆ ಆಳುಗಳ ಜೊತೆ ಸೇರಿ ಅಲ್ಲಿ ಚಪ್ಪಡಿ ಹಾಸಿದ. ಸಂದಿಗೆ ಸಣ್ಣ ಗಾರೆ ತಾನೇ ತುಂಬಿದ, ಕೂದಲೂ ತೂರದ ಹಾಗೆ.

ಸೈಕಲ್ಲು ಸಿಕ್ಕಿತು. ಉದ್ದನೆಯ ಜಡೆಯವಳ ಕತೆ ಅದರ ಮೇಲೆ ಏರಿ ಊರೆಲ್ಲ ಸುತ್ತಿತು. ಪೊಲೀಸರು ಚಹಾ ಕುಡಿದು, ಮುಗುಳ್ನಕ್ಕು ಹೋದರು. ಅಕ್ಕ ಮಾತ್ರ ಬಾಗಿಲಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದಳು.

"ಬಿಟ್ಟು ಹೋಗೋರಲ್ಲ ಕಣೋ ಅವರು. ಅದೂ ಹೊಸ ಚರ್ಚಿನ ಪ್ರತಿಷ್ಠೆಯ ಹಬ್ಬಕ್ಕೆ ಮುಂಚೆ? ಸಾಧ್ಯವೇ ಇಲ್ಲ."

"ಗಂಡಸರ ಬುದ್ಧಿ ಅಕ್ಕ. ಯಾರು ಕಂಡಿದಾರೆ?"

"ನಿಂಗೆ ಗೊತ್ತಿಲ್ಲ ಅವರ ವಿಷಯ," ಎಂದು ಅವಳು ಏನೋ ಹೇಳಲು ಬಾಯಿ ತೆರೆದು, ಸೆರಗು ಕಚ್ಚಿ ಒಳಗೆ ಹೋದಳು. ಅವಳ ತಟ್ಟೆಗೆ ಅವನೇ ಬಡಿಸಿದ. ಮನಸ್ಸಿಗೆ ಕೊಂಚ ಚುಚ್ಚಿತು. ಕಟ್ಟಡವೆಂದರೆ ಒಂದೆರಡು ಕಲ್ಲು ಒಡೆಯಲೇಬೇಕು ಎಂದು ಸಮಾಧಾನ ಮಾಡಿಕೊಂಡ. ಓಡಿಹೋದವನ ಹೆಸರು ದೇವರ ಬಾಗಿಲ ಮೇಲೆ ಯಾಕೆಂದು ಊರವರೇ ಗೊಣಗತೊಡಗಿದಾಗ, ಬೇಡ ಬೇಡ ಎನ್ನುತ್ತಲೇ ಉಳಿ ಹಿಡಿದು ಏಣಿ ಹತ್ತಿದ. ಭಾವನ ಹೆಸರು ಪುಡಿಯಾಗಿ ಅವನ ರೆಪ್ಪೆಗಳ ಮೇಲೆ ಉದುರಿತು. ಆ ಜಾಗದಲ್ಲಿ ಅಪ್ಪನ ಹೆಸರು ಕೆತ್ತಿ ಮುಗಿಸಿದ ದಿನ ಅವನು ಹೊಟ್ಟೆ ತುಂಬ ಉಂಡ.

ಹೊಸ ಚರ್ಚಿನ ಪ್ರತಿಷ್ಠೆಯ ಹಬ್ಬದ ದಿನ ಬೆಳಗ್ಗೆ ಅವನು ಒಗೆದ ಅಂಗಿ ತೊಟ್ಟು ಒಳಗೆ ಕಾಲಿಟ್ಟಾಗ ಬೆಂಚುಗಳು ಆಗಲೇ ತುಂಬಿದ್ದವು, ನಡುದಾರಿಯಲ್ಲಿ ಒಂದು ಹೊಸ ಮರದ ಪೆಟ್ಟಿಗೆ ಇತ್ತು, ಮುಚ್ಚಳದ ಮೇಲೆ ಸ್ಮಶಾನದ ಹಸಿಮಣ್ಣು ಅಂಟಿತ್ತು. "ಬಾರಪ್ಪ," ಎಂದು ಪಾದ್ರಿ ಅವನ ಹೆಗಲ ಮೇಲೆ ಕೈಯಿಟ್ಟರು, "ನಿಮ್ಮಪ್ಪನ ಎಲುಬುಗಳನ್ನ ಸ್ಮಶಾನದಿಂದ ಬೆಳಗ್ಗೆನೇ ತೆಗೆಸಿದ್ವಿ. ನಿನ್ನ ಭಾವ ಮನೆ ಬಿಟ್ಟು ಹೋದವನು ಇರಬಹುದು, ಆದ್ರೆ ಈ ಮಾತು ಅವನದೇ. ಬಾಗಿಲ ಮೇಲೆ ಯಾರ ಹೆಸರಿದ್ದರೇನು ಫಾದರ್, ಒಳಗೆ ಮಲಗೋದು ನಮ್ಮ ಮಾವನೇ ಅಂತಿದ್ದ. ಅದಕ್ಕೆ ಅಪ್ಪಣೆ ಕೇಳೋಕೆ ಪೇಟೆಗೆ ಬಿಷಪ್ಪರ ಹತ್ತಿರ ಎಷ್ಟು ಸಲ ಅಲೆದನೋ! ಹಬ್ಬದ ದಿನದವರೆಗೂ ನಿಂಗೆ ಹೇಳಬಾರದು ಅಂತ ನನ್ನಿಂದಲೂ ನಿಮ್ಮಕ್ಕನಿಂದಲೂ ಆಣೆ ಹಾಕಿಸ್ಕೊಂಡಿದ್ದ. ಪೀಠದ ಮುಂದಿನ ಆ ಗುಂಡೀನ ಮಾವನಿಗೆ ಅಂತ ತಾನೇ ಅಗೆದ, ಆಳಿನ ಕೈ ತಾಗಿಸಲಿಲ್ಲ. ನೀನು ಗೊತ್ತಿಲ್ಲದೆ ಚಪ್ಪಡಿ ಹಾಸಿದಾಗ, ಮುಚ್ಚಿದ್ರೆ ಗುಟ್ಟು ಉಳಿಯುತ್ತೆ ಅಂತ ನಾನೂ ಸುಮ್ಮನಿದ್ದೆ." ಗುಂಡಿ ಯಾತಕ್ಕೆ ಎಂದು ತಾನು ಒಬ್ಬರನ್ನೂ ಕೇಳಿರಲಿಲ್ಲ ಎಂಬುದು ಆಗ ಅವನಿಗೆ ಹೊಳೆಯಿತು. ಜನ ದಾರಿ ಬಿಟ್ಟು ನಿಂತರು. ಅಷ್ಟು ದಿನಗಳಲ್ಲಿ ಮೊದಲ ಸಲ ಅಕ್ಕನ ಮುಖ ಕೊಂಚ ಅರಳಿತ್ತು. ಎರಡೂ ಕೈಯಲ್ಲಿ ಹಾರೆ ಎತ್ತಿಕೊಂಡು ಬಂದು ಅವನ ಮುಂದೆ ಹಿಡಿದಳು. "ತಗೋ," ಎಂದಳು, "ಮೊದಲ ಚಪ್ಪಡಿ ಮಗನೇ ಎತ್ತಬೇಕಂತೆ."