ಹನ್ನೆರಡು ಸರಪಳಿ ಉದ್ದ

ಇವನೇ ಮೋಸಗಾರನೋ, ಅಥವಾ ಇವನೇ ಆಗಿರಲಿ ಎಂಬುದು ನನ್ನ ಆಸೆಯೋ?

ಟೇಪಿನ ಒಂದು ತುದಿ ಹಿಡಿದು ನಿಂತಿದ್ದ ಸಾರ್ಜೆಂಟ್ ಹಬೀನ್ಜು ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಲು ನೋಡಿದ. ಅದು ಕದಲಲಿಲ್ಲ. ಟೇಪಿನ ಇನ್ನೊಂದು ತುದಿ ರೈತ ಸಂಘದ ಅಧ್ಯಕ್ಷೆ ಬೀನಾ ಮುತಿಂತಾಳ ಕೈಯಲ್ಲಿತ್ತು. ಇಬ್ಬರ ನಡುವೆ, ಹೊಸ ಉಗ್ರಾಣಕ್ಕೆಂದು ಶನಿವಾರ ತೋಡಿದ್ದ ಪಾಯದ ಗುಂಡಿ.

"ಎಷ್ಟು?" ಅವಳು ಕೂಗಿ ಕೇಳಿದಳು.

"ಇಪ್ಪತ್ತೇಳು ಮೀಟರ್ ಮೂವತ್ತಾರು."

"ಆ ಕಡೆ ಗೋಡೇದೂ ಅಷ್ಟೇ. ಬೆಲೆ ಹಾಕಿದ್ದು ಮೂವತ್ತಕ್ಕೆ. ನಾಲ್ಕು ಲಕ್ಷದ ಎಂಬತ್ತು ಸಾವಿರ ಕ್ವಾಚಾ, ಸಾಹೇಬ್ರೆ. ನಮ್ಮ ಹೆಂಗಸ್ರು ಎರಡು ವರ್ಷ ಕೋಳಿ ಮಾರಿ ಕೂಡಿಸಿದ್ದೂ ಅದರಲ್ಲಿದೆ. ಉಳಿದ ಸಿಮೆಂಟು, ತಗಡು ಯಾರ ಮನೆಗೆ ಹೋಗ್ತಿತ್ತು, ಕೇಳಿ ಅವನನ್ನ."

ಅವನು, ಅಂದರೆ ಮುಲೇಯಾ, ಗುಂಡಿಯ ಅಂಚಿನಲ್ಲಿ ನಿಂತಿದ್ದ. ನಕ್ಷೆ ಬರೆದವನು, ಬೆಲೆ ಕಟ್ಟಿದವನು, ಶುಕ್ರವಾರ ಒಬ್ಬನೇ ಟೇಪು ಹಿಡಿದು ಗೂಟ ಹೊಡೆದವನು. ಅದೇ ಸಂಜೆ ಕಂಬದ ಮರ ಆರಿಸಲು ಚೋಮಾ ಪಟ್ಟಣಕ್ಕೆ ಹೋಗಿದ್ದ. ಸೋಮವಾರ ಲಾರಿಯಿಂದ ಇಳಿದವನಿಗೆ ಜನರ ಗುಂಪು ಎದುರಾಯಿತು.

"ನಾನು ಹೊಡೆದದ್ದು ಮೂವತ್ತಕ್ಕೇ ಅಣ್ಣಾ," ಎಂದ ಮುಲೇಯಾ. "ಅಗೋ, ಅಲ್ಲಿ. ಯಾರೋ ಕಿತ್ತು ಈಚೆ ನೆಟ್ಟಿದಾರೆ."

"ಕಿತ್ತಿದ್ರೆ ತೂತು ಇರ್ಬೇಕಲ್ಲಪ್ಪ," ಎಂದ ಮುದುಕ ಸಿಯಾಮೂಂಗಾ, ಗುದ್ದಲಿಯ ಮೇಲೆ ಭಾರ ಬಿಟ್ಟು. ಗುಂಡಿ ತೋಡಿಸಿದ ಮೇಸ್ತ್ರಿ ಅವನೇ. "ನಾನು ಗೂಟ ಇದ್ದಲ್ಲಿ ತೋಡಿಸ್ದೆ. ಕಾಗದ ಓದೋಕೆ ನನಗೆಲ್ಲಿ ಬರುತ್ತೆ."

ಮುಲೇಯಾ ತೋರಿಸಿದ ಕಡೆ ನೆಲ ಸಪಾಟಾಗಿತ್ತು. ಗುಡಿಸಿದಂತೆ ಚೊಕ್ಕಟವಾಗಿತ್ತು.

ಹಬೀನ್ಜು ಮುಲೇಯಾನ ಮುಖ ನೋಡಿದ. ಒಂಬತ್ತು ವರ್ಷದ ಹಿಂದೆ ಚೋಲ್ವೆಯ ತಂದೆಯ ಅಂಗಳಕ್ಕೆ ತಾನೂ ಇವನೂ ಹೆಣ್ಣು ಕೇಳಿಕೊಂಡು ಹೋಗಿದ್ದರು. ಅವಳ ತಂದೆ ವಧುದಕ್ಷಿಣೆಯ ದನಗಳನ್ನು ಒಪ್ಪಿಕೊಂಡದ್ದು ಮುಲೇಯಾನ ಕಡೆಯವರಿಂದ.

"ಠಾಣೆಗೆ ನಡಿ," ಎಂದ ಹಬೀನ್ಜು.

*

ಸಂಜೆ ಅವನು ಒಬ್ಬನೇ ಜಾಗಕ್ಕೆ ಮರಳಿದ. ಮೂವತ್ತು ಮೀಟರ್ ಎಳೆದು, ಟೇಪು ಮುಗಿದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

ಸುತ್ತಲೂ ಬೂದು ಮರಳು. ಅದರ ನಡುವೆ ಅಂಗೈಯಗಲದ ಒಂದು ಕೆಂಪು ಗುರುತು. ಮೇಲೆ ಉದುರಿಸಿದ್ದ ಮರಳನ್ನು ದಿನವಿಡೀ ಬೀಸಿದ ಗಾಳಿ ಸರಿಸಿತ್ತು. ಅಡಿಯಲ್ಲಿ ಹುತ್ತದ ಮಣ್ಣು, ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಪೆನ್ನಿನಿಂದ ಕೆದಕಿದ. ಒಳಗೆ ಗೂಟದ ಒಂದು ಚಕ್ಕೆ. ಎದುರು ಮೂಲೆಯಲ್ಲೂ ಅಂಥದೇ ಗುರುತು.

ಮುಲೇಯಾ ಸುಳ್ಳು ಹೇಳಿರಲಿಲ್ಲ.

ಹಬೀನ್ಜು ಚಕ್ಕೆಯನ್ನು ಮತ್ತೆ ಮಣ್ಣಿಗೆ ಒತ್ತಿದ. ಯಾರು ಮಾಡಿದ್ದೆಂದು ಗೊತ್ತಾಗುವವರೆಗೆ ಇದು ಪೂರ್ತಿ ಸಾಕ್ಷಿಯಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎದ್ದು ಬೂಟುಗಾಲಿನಿಂದ ಮರಳನ್ನು ಮತ್ತೆ ಎಳೆದು ಮುಚ್ಚಿದ.

ಠಾಣೆಯ ಮೆಟ್ಟಿಲ ಮೇಲೆ ಚೋಲ್ವೆ ಕುಳಿತಿದ್ದಳು. ಮಡಿಲಲ್ಲಿ ಎನ್‌ಶಿಮಾದ ಮುದ್ದೆ, ಸೊಪ್ಪಿನ ಪಲ್ಯದ ಬಟ್ಟಲು.

"ಬಿಡ್ತೀರಾ ಇವತ್ತು?"

"ವಿಚಾರಣೆ ಆಗ್ಬೇಕು."

"ಅವನು ಕದಿಯೋನಲ್ಲ ಅಂತ ನಿಮಗೆ ಗೊತ್ತಿದೆ."

"ನನಗೇನು ಗೊತ್ತಿದೆ," ಎಂದು ಅವನು ಒಳಗೆ ಹೋದ.

*

ಇಪ್ಪತ್ತೇಳು ಮೂವತ್ತಾರು. ಆ ಅಂಕಿ ಅವನನ್ನು ಕಾಡಿತು. ಟೇಪು ಇದ್ದವನು ಇಪ್ಪತ್ತೇಳಕ್ಕೋ ಇಪ್ಪತ್ತೆಂಟಕ್ಕೋ ನಿಲ್ಲುತ್ತಾನೆ. ಹೆಜ್ಜೆ ಹಾಕಿ ಅಳೆದವನಿಗೆ ಎರಡೂ ಬದಿ ಬೆರಳಗಲ ತಪ್ಪದಂತೆ ಸರಿಹೊಂದುವುದಿಲ್ಲ. ಅಂಕಿಯಿಲ್ಲದ, ಆದರೆ ಹಿಗ್ಗದ, ಕುಗ್ಗದ ಯಾವುದೋ ವಸ್ತುವಿನಿಂದ ಅಳೆದಿದ್ದಾರೆ.

ಮರುದಿನ ಬೆಳಿಗ್ಗೆ ಬೀನಾ ಮುತಿಂತಾಳ ಕೊಟ್ಟಿಗೆಯಲ್ಲಿ ಉತ್ತರದ ಸುಳಿವು ಕಂಡಿತು. ಗೋಡೆಗೆ ನೇತುಹಾಕಿದ್ದ ನೇಗಿಲ ಸರಪಳಿ. ಎರಡೂವರೆ ಮೀಟರ್. ಲೆಕ್ಕ ಕೂಡಲಿಲ್ಲ.

"ನನ್ನ ಮೇಲೂ ಅನುಮಾನವೇ?" ಅವಳು ನಕ್ಕಳು. "ಹಂಗಾದ್ರೆ ಜೋಳದ ಚಿಬ್ವಾಂಟು ಒಂದು ಲೋಟ ಕುಡಿದು ಹೋಗಿ, ಲಂಚ ಅಂತ ಬರ್ಕೊಳ್ಳಿ."

"ಹೊಲದ ಅಳತೆ ಇದರಲ್ಲೇ ತಾನೇ?"

"ಹಳಬರೆಲ್ಲ ಇದರಲ್ಲೇ. ಒಬ್ಬೊಬ್ಬರದು ಒಂದೊಂದು ಉದ್ದ. ಕೊಂಡಿ ಹರೀತಾ ಇರುತ್ತೆ, ತಂತಿ ಬಿಗೀತಾ ಇರ್ತಾರೆ."

ಎರಡನೆಯ ಕೊಟ್ಟಿಗೆಯದೂ ಹೊಂದಲಿಲ್ಲ. ಮೂರನೆಯದು ಸಿಯಾಮೂಂಗಾನದು. ಮುದುಕ ಮನೆಯಲ್ಲಿರಲಿಲ್ಲ. ನಡುವೆ ತಂತಿ ಬಿಗಿದಿದ್ದ ಸರಪಳಿ ಎರಡು ಮೀಟರ್ ಇಪ್ಪತ್ತೆಂಟು. ಹಬೀನ್ಜು ಮನಸ್ಸಿನಲ್ಲೇ ಹನ್ನೆರಡರಿಂದ ಗುಣಿಸಿದ. ಸರಪಳಿಯನ್ನು ಹೆಗಲಿಗೇರಿಸಿದ.

*

ಮಧ್ಯಾಹ್ನ ಸಂಘದವರೆಲ್ಲ ಗುಂಡಿಯ ಸುತ್ತ ನಿಂತಿದ್ದರು. ಮುಲೇಯಾನನ್ನೂ ಕರೆತಂದಿದ್ದರು. ಹಬೀನ್ಜು ಗುಂಡಿಯ ಅಂಚಿನಲ್ಲಿ ಸರಪಳಿ ಹಾಸಿದ. ಎತ್ತಿದ, ಮತ್ತೆ ಹಾಸಿದ. ಹನ್ನೆರಡನೆಯ ಸಲ ಅದರ ಕೊನೆಯ ಕೊಂಡಿ ಗೂಟಕ್ಕೆ ತಾಗಿತು. ಎದುರು ಬದಿಯಲ್ಲೂ ಹಾಗೆಯೇ.

"ಮುಲೇಯಾ ಟೇಪು ತಗೊಂಡು ಚೋಮಾಕ್ಕೆ ಹೋಗಿದ್ದ," ಎಂದ. "ಗೂಟ ಈಚೆ ನೆಟ್ಟವನ ಹತ್ರ ಅಳೆಯೋಕೆ ಇದ್ದದ್ದು ಇದೊಂದೇ. ಇದು ಯಾರದು ಅಂತ ನಿಮಗೆಲ್ಲ ಗೊತ್ತು."

"ಸರಪಳಿ ನಂದೇ," ಎಂದ ಸಿಯಾಮೂಂಗಾ. "ಕೊಟ್ಟಿಗೆಗೆ ಬಾಗಿಲಿಲ್ಲ. ಯಾರು ಒಯ್ದರೋ."

ಹಬೀನ್ಜು ಟೇಪು ಎಳೆಯುತ್ತ ಮೂವತ್ತು ಮೀಟರಿನ ಜಾಗಕ್ಕೆ ನಡೆದ. ಮರಳನ್ನು ಗುಡಿಸಿ ಕೆಂಪು ಗುರುತು ತೋರಿಸಿದ. ಗುಂಪಿನಲ್ಲಿ ಗುಸುಗುಸು ಎದ್ದಿತು.

"ಗೂಟ ಕಿತ್ತೋನು ಅವಸರದಲ್ಲಿರ್ತಾನೆ. ಕಾಲಿಂದ ಮರಳು ತಳ್ಳಿ ಹೋಗ್ತಾನೆ. ಇವನು ಹುತ್ತದ ಮಣ್ಣು ತಂದಿದಾನೆ. ನೀರು ಹಾಕಿ ಕಲಸಿದಾನೆ. ಬಡಿದು ಗಟ್ಟಿ ಮಾಡಿ ಅಂಗೈಯಲ್ಲಿ ಸವರಿದಾನೆ. ತನ್ನದಲ್ಲದ ಉಗ್ರಾಣಕ್ಕೆ ಇಷ್ಟು ಮುತುವರ್ಜಿ ಯಾಕೆ, ಅಜ್ಜಾ?"

"ನೆಲದಲ್ಲಿ ತೂತು ಬಿಡ್ತಾರೇನು," ಎಂದ ಸಿಯಾಮೂಂಗಾ. "ಮರಳು ತುಂಬಿದ್ರೆ ಇಲಿ ತೋಡುತ್ತೆ. ಜೋಳ ಇಡೋ ಜಾಗ..."

ಅಲ್ಲಿಗೆ ನಿಲ್ಲಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಮುದುಕ ಗುದ್ದಲಿಯನ್ನು ಮೆಲ್ಲಗೆ ಕೆಳಗಿಟ್ಟ. "ನಲವತ್ತು ವರ್ಷ ಈ ಊರಿನ ಕಣಜ ಎಲ್ಲ ಕಟ್ಟಿದ್ದು ನಾನು. ಒಂದಕ್ಕೂ ಇಲಿ ಬೀಳ್ಲಿಲ್ಲ. ಇದಕ್ಕೂ ಬೆಲೆ ಹೇಳಿದ್ದೆ, ಬಾಯಲ್ಲಿ. ನಗಾಡಿದ್ರಿ. ಇವನು ಕಾಗದದ ಮೇಲೆ ಕಟ್ಟಿ ತೋರಿಸ್ದ, ಚಪ್ಪಾಳೆ ಹೊಡೆದ್ರಿ. ನನ್ನ ಕೈಗೆ ಗುದ್ದಲಿ ಕೊಟ್ಟ. ಅಜ್ಜ, ನೇರ ತೋಡು ಅಂದ. ನನಗೆ."

"ಅದಕ್ಕೆ ಅವನನ್ನ ಜೈಲಿಗೆ ಕಳಿಸೋದಾ?" ಬೀನಾ ಮುತಿಂತಾಳ ದನಿ ಇಳಿದಿತ್ತು.

"ಒಂದು ದಿನ ಇವನೂ ತಲೆ ಬಗ್ಗಿಸಿ ನಿಲ್ಲೋದು ನೋಡ್ಬೇಕಿತ್ತು. ಮುಂದಿನದು ಯೋಚನೆ ಮಾಡ್ಲಿಲ್ಲ."

ಹಬೀನ್ಜು ಮುದುಕನ ತೋಳು ಹಿಡಿದ. ಆ ಮಾತಿನ ಅರ್ಥವನ್ನು ಅವನು ಕೇಳಿ ತಿಳಿಯಬೇಕಾಗಿರಲಿಲ್ಲ.

"ಈ ತೂತು ಯಾವಾಗ ಕಂಡ್ರಿ ಸಾಹೇಬ್ರೆ?" ಬೀನಾ ಮುತಿಂತಾ ಕೇಳಿದಳು.

ಹಬೀನ್ಜು ಮುದುಕನ ತೋಳು ಬಿಟ್ಟು ಟೇಪು ಸುತ್ತತೊಡಗಿದ. ಕೇಳಿಸದವನಂತೆ ಸುತ್ತುತ್ತಲೇ ಇದ್ದ.

ಮುಲೇಯಾ ಬಂದು ಎರಡೂ ಕೈಯಿಂದ ಅವನ ಕೈ ಕುಲುಕಿದ. ಚೋಲ್ವೆ ಮಂಡಿಯೂರಿ ಮೆಲ್ಲಗೆ ಕೈತಟ್ಟಿ, ಹಿರಿಯರಿಗೆ ಹೇಳುವಂತೆ ಕೃತಜ್ಞತೆ ಹೇಳಿದಳು. "ನಿನ್ನೆ ಏನೇನೋ ಅಂದ್ಕೊಂಡೆ. ಬೇಜಾರು ಮಾಡ್ಕೋಬೇಡಿ. ಬೇರೆ ಯಾರಾಗಿದ್ರೂ ಇಷ್ಟು ಹುಡುಕ್ತಿರ್ಲಿಲ್ಲ."

ಹಬೀನ್ಜು ತಲೆಯಾಡಿಸಿದ.

ಮುಲೇಯಾ ನಿರಪರಾಧಿ ಎಂದು ಹಿಂದಿನ ಸಂಜೆಯೇ ತನಗೆ ತಿಳಿದಿತ್ತೆಂದು ಅವನು ಅವಳಿಗೆ ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.