ಊಹೂಂ ಎಂದ ಚಂದವ್ವೆ

ಹಿಂದೊಂದು ಕಾಲದಲ್ಲಿ, ಏಳು ಬೆಟ್ಟದಾಚೆ ಮಣಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಜನಕ್ಕೆ ಕತೆಯ ಹುಚ್ಚು. ಹೇಳುವವರು ಹೇಳಬೇಕು, ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಸುಮ್ಮನಿದ್ದರೂ ಹೂಂ ಎಂದಂತೆಯೇ ಲೆಕ್ಕ. ಈ ಪದ್ಧತಿಯ ಸುಳಿವು ಹಿಡಿದು ಕರಾಳದಂತನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನು ಹೇಳಿದ್ದಕ್ಕೆ ಸಭೆಯೆಲ್ಲ ಹೂಂ ಎಂದರೆ ಅದು ನಿಜವಾಗುತ್ತಿತ್ತು.

"ಕಾಗೆ ಬೆಳ್ಳಗಿದೆ" ಎಂದ. ಸಭೆ ಹೂಂ ಎಂದಿತು. ಕಾಗೆ ಬೆಳ್ಳಗಾಯಿತು. ಬಳೆಗಾರರ ಮಗಳು ಚಂದವ್ವೆಯೂ ಹೂಂ ಎಂದು ಚಪ್ಪಾಳೆ ತಟ್ಟಿದಳು. ಕಾಗೆಯ ಬಣ್ಣ ಬದಲಾದರೆ ಯಾರಪ್ಪನ ಗಂಟು ಹೋಯಿತು?

ಮರುದಿನ "ಹೊಳೆ ಬೆಟ್ಟ ಹತ್ತಿ ನನ್ನ ಗುಹೆಗೆ ಬರುತ್ತದೆ" ಎಂದ. ಸಭೆ ಹೂಂ ಎಂದಿತು. ಹೊಳೆ ಬೆಟ್ಟ ಹತ್ತಿತು, ಊರ ಬಾವಿಗಳು ಒಣಗಿದವು. ಚಂದವ್ವೆಗೆ ಒಳಗೊಳಗೇ ಅಳುಕು. ಆದರೆ ನಿನ್ನೆ ಹೂಂ ಎಂದವಳು ಇಂದು ಹೇಗೆ ಬೇಡವೆನ್ನುವುದು? ನಾಚಿಕೊಂಡು ಅವಳೂ ಹೂಂ ಎಂದಳು.

ಮೂರನೆಯ ದಿನ ಮಾಂತ್ರಿಕ ಅವಳ ಅಣ್ಣ ಬೊಮ್ಮಣ್ಣನತ್ತ ಬೆರಳು ಮಾಡಿದ. "ಇವನು ಟಗರು. ನನ್ನ ಹುಲಿಯ ಊಟ."

ಒಬ್ಬೊಬ್ಬರೇ ತಲೆ ತಗ್ಗಿಸಿ ಹೂಂ ಎನ್ನುತ್ತ ಬಂದರು. ಬೊಮ್ಮಣ್ಣನ ಹಣೆಯಲ್ಲಿ ಕೊಂಬು ಮೊಳೆಯತೊಡಗಿತು. ಚಂದವ್ವೆಯ ಸರದಿ ಬಂತು.

"ಊಹೂಂ."

ಸಭೆಗೆ ಸಭೆಯೇ ತಿರುಗಿ ನೋಡಿತು.

"ರಾಜರೇ ಹೂಂ ಎಂದಿದ್ದಾರೆ" ಎಂದ ಮಾಂತ್ರಿಕ.

"ಊಹೂಂ."

"ಹಿರಿಯರೆಲ್ಲ ಹೂಂ ಎಂದಿದ್ದಾರೆ."

"ಊಹೂಂ."

ತಾಯಿಯಿಲ್ಲದ ಅಣ್ಣತಂಗಿಯನ್ನು ಸಾಕಿದ ಸೋದರತ್ತೆ ಪಕ್ಕದಲ್ಲೇ ಇದ್ದಳು. ಹೆದರಿ ಚಂದವ್ವೆಯ ತೋಳು ಚಿವುಟಿದಳು. "ಹೂಂ ಅನ್ನೇ ಹುಚ್ಚಿ! ಊರಿಗೇ ಒಂದು ದಾರಿಯಾದ್ರೆ ಈ ಪೋರಿಗೇ ಒಂದು ದಾರಿ!"

"ಅತ್ತೆ, ಅವನನ್ನ ಎತ್ತಿ ಆಡಿಸಿದೋಳು ನೀನು. ಸರಿಯಾಗಿ ನೋಡಿ ಹೇಳು. ಅದು ಟಗರಾ?"

ಅತ್ತೆ ನೋಡಿದಳು. ಕೊಂಬಿನ ಕೆಳಗೆ ತಾನು ಎಣ್ಣೆ ಹಚ್ಚಿ ಮೀಯಿಸಿದ ಮುಖವೇ ಇತ್ತು. ಅವಳ ಕಣ್ಣು ತುಂಬಿ ಬಂತು. "ಊಹೂಂ. ನಮ್ ಬೊಮ್ಮ."

ಒಂದು ಎರಡಾಯಿತು. ಇನ್ನು ತಡೆಯುವವರಾರು? ಬಾಗಿಲ ಭಟ ಊಹೂಂ ಎಂದ, ಮಂತ್ರಿ ಎಂದ, ಕೊನೆಗೆ ರಾಜನೂ ಎಂದ. ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ, ಮೊದಲು ಬಾಯಿ ಬಿಡುವವರು ಬೇಕಿತ್ತು ಅಷ್ಟೆ. ಮಾಂತ್ರಿಕನ ಮಾಟವೆಲ್ಲ ಮುರಿಯಿತು. ಕೊಂಬು ಉದುರಿತು, ಕಾಗೆ ಕಪ್ಪಾಯಿತು, ಹೊಳೆ ಧುಮುಕಿ ಇಳಿಯಿತು.

"ನಾನು ಮಹಾಮಾಂತ್ರಿಕ!" ಎಂದು ಕರಾಳದಂತ ಕಿರುಚಿದ. ಸಭೆ ಊಹೂಂ ಎಂದಿತು. ಅವನು ಹೊಗೆಯಾಗಿ ಕಿಟಕಿಯಿಂದಾಚೆ ಹೋದ.

ರಾಜ ಹಿಗ್ಗಿ ಎದ್ದು ನಿಂತ. "ಇನ್ನು ಮೇಲೆ ನನ್ನ ರಾಜ್ಯದಲ್ಲಿ ಯಾರೂ ಹೂಂ ಎನ್ನಕೂಡದು! ಇದು ನನ್ನ ಆಜ್ಞೆ. ಆಗಬಹುದೇ?"

ಎಲ್ಲರಿಗಿಂತ ಮೊದಲು ಅತ್ತೆಯೇ "ಊಹೂಂ" ಎಂದಳು.

ರಾಜ ಬಿದ್ದು ಬಿದ್ದು ನಕ್ಕ. ಅಂದಿನಿಂದ ಮಣಿಕೋಟೆಯಲ್ಲಿ ಒಂದು ಕತೆ ಮುಗಿಯಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಜನ ಮಾತ್ರ ಸುಖವಾಗಿದ್ದಾರೆ.